ಯಕೃತ್ತಿನ ಪೆಡಸನ್ನು ಅಳೆಯುವ ಯಂತ್ರ

ಹಲಸಿನಕಾಯಿ ಬೆಳೆದಿದೆಯೋ ಇಲ್ಲವೋ ಎಂದು ತಿಳಿಯಲು ನಮ್ಮ ಸೀಮೆಯ ಹಿರಿಯರು ಅದನ್ನು ಕೊಯ್ದು ನೋಡುತ್ತಿರಲಿಲ್ಲ. ಮರದಲ್ಲಿರುವಂತೆಯೇ ಬೆರಳ ಗೆಣ್ಣಿನಿಂದ ನಾಲ್ಕು ಸಲ ತಟ್ಟಿ, ಹೊರಟ ಸದ್ದಿನಿಂದಲೇ ನಿರ್ಣಯಿಸುತ್ತಿದ್ದರು. ಮಾವಿನಹಣ್ಣಿಗಾದರೆ ಹೆಬ್ಬೆರಳಿನ ಮೆಲ್ಲನೆಯ ಒಂದು ಒತ್ತು ಸಾಕು. ವೈದ್ಯಶಾಸ್ತ್ರವೂ ಬಹುಕಾಲ ಇದೇ ವಿದ್ಯೆಯನ್ನು ನೆಚ್ಚಿಕೊಂಡಿತ್ತು. ಆಸ್ಟ್ರಿಯದ ಗ್ರಾಟ್ಸ್ ಪಟ್ಟಣದ ವಸತಿಗೃಹದ ಒಡೆಯನೊಬ್ಬನ ಮಗನಾದ ಲಿಯೋಪೋಲ್ಡ್ ಔಎನ್‌ಬ್ರುಗ್ಗರ್ ಎಂಬ ವೈದ್ಯ, ರೋಗಿಯ ಎದೆಯನ್ನು ಬೆರಳಿನಿಂದ ತಟ್ಟಿ ಒಳಗಿನ ಸ್ಥಿತಿಯನ್ನು ತಿಳಿಯುವ ಕ್ರಮವನ್ನು 1761ರಲ್ಲಿ ಪುಸ್ತಕರೂಪದಲ್ಲಿ ಪ್ರಕಟಿಸಿದ. ತಂದೆಯ ನೆಲಮಾಳಿಗೆಯಲ್ಲಿ ಪೀಪಾಯಿಗಳನ್ನು ತಟ್ಟಿ, ದ್ರಾಕ್ಷಾರಸ ಎಲ್ಲಿಯವರೆಗೆ ತುಂಬಿದೆ ಎಂದು ಅರಿಯುತ್ತಿದ್ದುದೇ ಅವನಿಗೆ ಈ ಯುಕ್ತಿಯನ್ನು ಕಲಿಸಿತೆಂದು ಹೇಳುವುದುಂಟು.

ಯಕೃತ್ತನ್ನು, ಅಂದರೆ ಪಿತ್ತಜನಕಾಂಗವನ್ನು, ವೈದ್ಯರು ಪರೀಕ್ಷಿಸುವುದೂ ಮೊದಲಿಗೆ ಕೈಯಿಂದಲೇ. ಬಲಗಡೆಯ ಪಕ್ಕೆಲುಬಿನ ಕೆಳಗೆ ಬೆರಳಿರಿಸಿ, ಉಸಿರನ್ನು ಒಳಕ್ಕೆಳೆದುಕೊಳ್ಳಲು ಹೇಳುತ್ತಾರೆ. ಆಗ ಕೆಳಕ್ಕೆ ಸರಿಯುವ ಯಕೃತ್ತಿನ ಅಂಚು ಬೆರಳಿಗೆ ತಗುಲಿದರೆ ಅದು ಮೃದುವೋ, ಬಿಗಿಯೋ, ಕಲ್ಲಿನಂತೆ ಗಟ್ಟಿಯೋ ಎಂಬುದು ಅನುಭವಿಗಳಿಗೆ ತಿಳಿಯುತ್ತದೆ. ಆದರೆ ಕೈಗೆ ಗಟ್ಟಿಯಾಗಿ ತಗುಲುವ ವೇಳೆಗೆ ಕಾಯಿಲೆ ಬಹುದೂರ ಸಾಗಿರುತ್ತದೆ. ಹೀಗೆ ಗಂಟುಗಂಟಾಗಿ ಗಟ್ಟಿಯಾದ ಯಕೃತ್ತಿನ ರೋಗಕ್ಕೆ ಸಿರೋಸಿಸ್ ಎಂಬ ಹೆಸರನ್ನು 1819ರಲ್ಲಿ ಕೊಟ್ಟವರು ಸ್ಟೆತೊಸ್ಕೋಪನ್ನು ಕಂಡುಹಿಡಿದ ಫ್ರೆಂಚ್ ವೈದ್ಯ ಲೆನೆಕ್. ಆ ಹೆಸರಿನ ಗ್ರೀಕ್ ಮೂಲದಲ್ಲಿರುವುದು ಕಂದುಹಳದಿ ಬಣ್ಣ. ಅವರು ಹೆಸರಿಟ್ಟದ್ದು ಮರಣೋತ್ತರ ಪರೀಕ್ಷೆಯ ಮೇಜಿನ ಮೇಲೆ ಕಂಡುದಕ್ಕೆ.

ಯಕೃತ್ತು ಗಟ್ಟಿಯಾಗುವುದೇಕೆ? ವೈರಸ್ಸಿನಿಂದಾಗಲಿ, ಮದ್ಯದಿಂದಾಗಲಿ, ತುಂಬಿಕೊಂಡ ಕೊಬ್ಬಿನಿಂದಾಗಲಿ ಅದು ಮತ್ತೆ ಮತ್ತೆ ಘಾಸಿಗೊಂಡಾಗ, ಗಾಯ ಮಾಯ್ದ ಚರ್ಮದಲ್ಲಿ ಕಲೆ ಉಳಿಯುವಂತೆ ಒಳಗೂ ನಾರಿನ ಎಳೆಗಳು ಕಟ್ಟಿಕೊಳ್ಳುತ್ತವೆ. ಎಳೆಗಳು ಹೆಚ್ಚಿದಂತೆಲ್ಲ ಮೃದುವಾದ ಅಂಗ ಪೆಡಸಾಗುತ್ತದೆ. ಇಷ್ಟೆಲ್ಲ ನಡೆಯುವಾಗ ನೋವಿಲ್ಲ, ಜ್ವರವಿಲ್ಲ. ಮನುಷ್ಯ ತೋಟಕ್ಕೆ ಹೋಗುತ್ತಾನೆ, ಊಟ ಮಾಡುತ್ತಾನೆ, ಮದುವೆಗೆ ಹೋಗಿ ಬರುತ್ತಾನೆ.

ಒಳಗಿನ ನಾರನ್ನು ನಿಶ್ಚಯವಾಗಿ ತಿಳಿಯಲು ಬಹುಕಾಲ ಇದ್ದ ಉಪಾಯ ಒಂದೇ: ಸೂಜಿಯಿಂದ ಯಕೃತ್ತಿನ ಚೂರೊಂದನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು. ಇಟಲಿಯ ಮೆಂಗಿನಿ 1958ರಲ್ಲಿ ಒಂದು ಸೆಕೆಂಡಿನಲ್ಲಿ ಮುಗಿಯುವ ಸೂಜಿಯ ಕ್ರಮವನ್ನು ಪ್ರಕಟಿಸಿದ ಮೇಲೆ ಇದು ಎಲ್ಲೆಡೆ ಬಳಕೆಗೆ ಬಂತು. ಇಂದಿಗೂ ಇದರ ಗೌರವ ತಗ್ಗಿಲ್ಲ. ಆದರೆ ಹಾಗೆ ಸಿಗುವ ಚೂರು ಇಡೀ ಯಕೃತ್ತಿನ ಸುಮಾರು 50,000ದಲ್ಲಿ ಒಂದು ಪಾಲು ಮಾತ್ರ. ಅನ್ನ ಬೆಂದಿದೆಯೋ ಎಂದು ನೋಡಲು ಒಂದು ಅಗುಳನ್ನು ಹಿಚುಕಿದರೆ ಸಾಕು, ನಿಜ. ಪಾತ್ರೆಯ ಅನ್ನವೆಲ್ಲ ಒಂದೇ ನೀರಿನಲ್ಲಿ ಒಂದೇ ಉರಿಯಲ್ಲಿ ಬೆಂದಿರುತ್ತದೆ. ಯಕೃತ್ತು ಹಾಗಲ್ಲ. ಒಂದು ಮೂಲೆಯಲ್ಲಿ ನಾರು ದಟ್ಟವಾಗಿದ್ದು ಇನ್ನೊಂದು ಮೂಲೆ ತಕ್ಕಮಟ್ಟಿಗೆ ನೆಟ್ಟಗಿರಬಹುದು. ಅದಲ್ಲದೆ ಸೂಜಿಯೆಂದರೆ ನೋವು, ಅಪರೂಪಕ್ಕೆ ರಕ್ತಸ್ರಾವ. ಆರಾರು ತಿಂಗಳಿಗೊಮ್ಮೆ ಮಾಡಿಸಿಕೊಳ್ಳಿರೆಂದು ಯಾರಿಗೆ ಹೇಳಲಾದೀತು?

ಈ ವಿಷಯಗಳನ್ನು ನಾವು ಓದಿ ತಿಳಿಯುವಂತಾದುದು ಮನೆಯಲ್ಲಿ ಬಂದೊದಗಿದ ಒಂದು ಪ್ರಸಂಗದಿಂದ. ನಮ್ಮ ದೊಡ್ಡಣ್ಣ ಅಡಿಕೆ ತೋಟದ ಮನುಷ್ಯ. ವಯಸ್ಸು ಐವತ್ತೆಂಟು, ಹತ್ತು ವರ್ಷಗಳಿಂದ ಸಕ್ಕರೆ ಕಾಯಿಲೆ. ಮೂತ್ರದ ಕಲ್ಲೆಂಬ ಸಂಶಯದಿಂದ ಹೊಟ್ಟೆಯ ಸ್ಕ್ಯಾನ್ ಮಾಡಿಸಿದಾಗ ಕಲ್ಲು ಸಿಗಲಿಲ್ಲ, ಯಕೃತ್ತಿನಲ್ಲಿ ಕೊಬ್ಬು ಸಿಕ್ಕಿತು. ದೊಡ್ಡ ಕಾಯಿಲೆಯೆಂದರೆ ಕಾಸರಗೋಡು ಸೀಮೆಯ ನಮ್ಮಂಥವರಿಗೆ ಮಂಗಳೂರು ಎಂಬುದು ಓದುಗರಿಗೆ ಹೇಳಬೇಕಾದುದಿಲ್ಲ. 1956ರಲ್ಲಿ ರಾಜ್ಯದ ಗೆರೆ ಬದಲಾದರೂ ಆಸ್ಪತ್ರೆಯ ದಾರಿ ಬದಲಾಗಲಿಲ್ಲ. 2020ರ ಮಾರ್ಚಿನಲ್ಲಿ ತಲಪಾಡಿಯ ಗಡಿಯನ್ನು ಮುಚ್ಚಿದಾಗ ಆ ದಾರಿಯ ಬೆಲೆ ಏನೆಂಬುದನ್ನು ನಾವೆಲ್ಲ ಕಂಡಿದ್ದೇವೆ.

ಅಲ್ಲಿಯ ವೈದ್ಯರು ಮೊದಲು ಕೇಳಿದ ಪ್ರಶ್ನೆ, "ಕುಡಿಯುವ ಅಭ್ಯಾಸ ಉಂಟೋ?" ಎಂಬುದು. ಜನ್ಮದಲ್ಲಿ ಒಂದು ತೊಟ್ಟನ್ನೂ ಮುಟ್ಟದ ಅಣ್ಣನ ಮುಖ ಕಂದಿತು. ವೈದ್ಯರು ಕೇಳಬೇಕಾದುದನ್ನೇ ಕೇಳಿದ್ದರು. ಆದರೂ ಆ ಪ್ರಶ್ನೆ ಊರಿಗೆ ಬರುವ ದಾರಿಯುದ್ದಕ್ಕೂ ಬಸ್ಸಿನಲ್ಲಿ ನಮ್ಮ ಜತೆಗೇ ಕುಳಿತು ಬಂತು. ಮರುವಾರ ಫೈಬ್ರೋಸ್ಕ್ಯಾನ್ ಎಂಬ ಪರೀಕ್ಷೆಗೆ ಹೋದೆವು. ಖಾಲಿ ಹೊಟ್ಟೆಯಲ್ಲಿ ಬರಬೇಕೆಂದು ಯಾರೂ ಹೇಳಿರಲಿಲ್ಲವಾಗಿ ಅಣ್ಣ ಕ್ಯಾಂಟೀನಿನಲ್ಲಿ ಬನ್ಸ್ ತಿಂದು ಕಾಫಿ ಕುಡಿದಿದ್ದರು. ಯಂತ್ರದ ಬಳಿಯಿದ್ದ ಹುಡುಗಿ ನಿಷ್ಠುರಳು. ಮೂರು ಗಂಟೆ ಕಾಯಿರೆಂದು ಹೊರಗೆ ಕೂರಿಸಿದಳು. ಊಟವಾದೊಡನೆ ಯಕೃತ್ತಿಗೆ ಹರಿಯುವ ರಕ್ತ ಹೆಚ್ಚಿ, ಅಂಗ ತುಸು ಬಿಗಿದು, ಅಂಕೆ ಸುಳ್ಳೇ ಏರುತ್ತದೆಂಬುದು ಆಮೇಲೆ ತಿಳಿಯಿತು. ಪರೀಕ್ಷೆಗೆ ಹಿಡಿದದ್ದು ಹತ್ತು ನಿಮಿಷ. ವರದಿಯಲ್ಲಿ ಬಂದ ಅಂಕೆ 11.8 ಕಿಲೋಪಾಸ್ಕಲ್.

ಸಾಮಾನ್ಯ ಯಕೃತ್ತಿನ ಅಂಕೆ 5ರ ಆಸುಪಾಸು ಎಂದು ವರದಿಯ ಕೆಳಗೆ ಮುದ್ರಿಸಿದ್ದರು. ಬೆಂಗಳೂರಿನಲ್ಲಿರುವ ಅಣ್ಣನ ಮಗ ಫೋನಿನಲ್ಲಿ ಅಲ್ಲಿ ಇಲ್ಲಿ ಹುಡುಕಿ, ಸಿರೋಸಿಸ್ ಇರಬಹುದೆಂದು ಹೇಳಿಬಿಟ್ಟ. ಅತ್ತಿಗೆ ಅಳಲಿಲ್ಲ. ವರದಿಯನ್ನು ಮಡಚಿ ಕಪಾಟಿನಲ್ಲಿ ಸೀರೆಗಳ ಅಡಿಗೆ ಇರಿಸಿದರು. ಮಗಳಿಗೆ ಸಂಬಂಧ ನೋಡುತ್ತಿದ್ದ ಕಾಲ. "ಯಕೃತ್ತು ಕೆಟ್ಟಿದೆಯೆಂದರೆ ಜನ ಏನೆಂದುಕೊಳ್ಳುತ್ತಾರೆ? ಇವರು ಕುಡಿಯುವವರಲ್ಲವೆಂದು ಮನೆಮನೆಗೆ ಹೋಗಿ ಹೇಳಲಿಕ್ಕಾಗುತ್ತದೆಯೋ?" ಎಂಬುದು ಅವರ ಮಾತು. ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಉತ್ತರ ಸಿಗಬೇಕಾದರೆ ಆ ಅಂಕೆ ಎಲ್ಲಿಂದ ಬಂತೆಂದು ತಿಳಿಯಬೇಕಾಗಿತ್ತು.

ಬಾವಿಯ ಹಗ್ಗದ ಒಂದು ತುದಿಯನ್ನು ಕಂಬಕ್ಕೆ ಕಟ್ಟಿ, ಇನ್ನೊಂದು ತುದಿಯನ್ನು ಕೈಯಲ್ಲಿ ಹಿಡಿದು ಒಮ್ಮೆ ಕೊಡವಿರಿ. ಸಡಿಲವಾಗಿದ್ದರೆ ಏರಿದ ಡುಬ್ಬ ಸಾವಕಾಶವಾಗಿ ಕಂಬದತ್ತ ಸಾಗುತ್ತದೆ. ಬಿಗಿಯಾಗಿ ಎಳೆದು ಕೊಡವಿದರೆ ಕಣ್ಣು ಮಿಟುಕಿಸುವುದರೊಳಗೆ ಓಡಿಬಿಡುತ್ತದೆ. ಯಂತ್ರದ ತತ್ತ್ವ ಇದಕ್ಕೆ ಬಲು ಹತ್ತಿರ. ರೋಗಿ ಬಲಗೈಯನ್ನು ತಲೆಯ ಹಿಂದಕ್ಕಿರಿಸಿ ಅಂಗಾತ ಮಲಗಿದಾಗ, ಎರಡು ಪಕ್ಕೆಲುಬುಗಳ ನಡುವೆ ಒಂದು ಹಿಡಿಯನ್ನು ಒತ್ತಿ ಹಿಡಿದು, ಅದರ ತುದಿಯಿಂದ ಚರ್ಮವನ್ನು ಮೆಲ್ಲನೆ ತಟ್ಟುತ್ತಾರೆ. ಸೆಕೆಂಡಿಗೆ 50 ಸಲದ ಲೆಕ್ಕದ ಆ ಕಂಪನ ಯಕೃತ್ತಿನೊಳಗೆ ಒಂದು ಅಡ್ಡ ಅಲೆಯನ್ನು ಎಬ್ಬಿಸುತ್ತದೆ. ಅಡ್ಡ ಅಲೆ ಎಂದರೆ ಹಗ್ಗದ ಡುಬ್ಬದಂತೆ, ತಾನು ಸಾಗುವ ದಿಕ್ಕಿಗೆ ಅಡ್ಡವಾಗಿ ಪದಾರ್ಥವನ್ನು ಅಲುಗಿಸುವ ಅಲೆ. ಅದು ನಿಧಾನಿ. ನಿರೋಗಿಯಾದ ಯಕೃತ್ತಿನಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 1.3 ಮೀಟರು, ಅಂದರೆ ಮನುಷ್ಯ ಪೇಟೆಗೆ ನಡೆದುಹೋಗುವ ವೇಗ.

ಈ ನಡಿಗೆಯನ್ನು ಕಾಣುವುದು ಹೇಗೆ? ಅದೇ ಹಿಡಿಯಿಂದ ಹೊರಡುವ ಶ್ರವಣಾತೀತ ಧ್ವನಿಯಿಂದ. ಸೆಕೆಂಡಿಗೆ 35 ಲಕ್ಷ ಸಲ ಕಂಪಿಸುವ ಈ ಧ್ವನಿ ನಮ್ಮ ಕಿವಿಗೆ ಕೇಳಿಸದು. ಮಾಂಸದೊಳಗೆ ಇದರ ವೇಗ ಸೆಕೆಂಡಿಗೆ ಸುಮಾರು 1,540 ಮೀಟರು. ನಡೆಯುವವನ ಎದುರಿಗೆ ಇಂಥ ವೇಗಿ ಓಡೋಡಿ ಹೋಗಿ ಮರಳಿ ಬಂದು, 'ಈಗ ಇಲ್ಲಿದ್ದಾನೆ, ಈಗ ಇಲ್ಲಿದ್ದಾನೆ' ಎಂದು ಸಾವಿರಾರು ಸಲ ವರದಿ ಒಪ್ಪಿಸುತ್ತಾನೆಂದು ತಿಳಿಯಿರಿ. ಚರ್ಮದಿಂದ ಎರಡೂವರೆ ಸೆಂಟಿಮೀಟರಿನಿಂದ ಆರೂವರೆ ಸೆಂಟಿಮೀಟರಿನವರೆಗಿನ ಆಳದಲ್ಲಿ ಅಲೆ ಎಷ್ಟು ಬೇಗ ಸಾಗಿತೆಂಬುದೇ ಮೂಲ ಅಳತೆ. ಆ ವೇಗವನ್ನು ಅದರಿಂದಲೇ ಗುಣಿಸಿ, ಬಂದುದನ್ನು ಮೂರರಿಂದ ಗುಣಿಸಿದರೆ ಪೆಡಸಿನ ಅಂಕೆ ಕಿಲೋಪಾಸ್ಕಲ್‌ಗಳಲ್ಲಿ ಸಿಗುತ್ತದೆ. 1.3ರ ನಡಿಗೆಗೆ 5; 2 ಮೀಟರಿನ ಬಿರುಸುನಡಿಗೆಗೆ 12. ಅಣ್ಣನ ಯಕೃತ್ತಿನಲ್ಲಿ ಅಲೆ ಬಹುಮಟ್ಟಿಗೆ ಆ ವೇಗದಲ್ಲಿ ಹೋಗಿತ್ತು. ವೇಗ ಇಮ್ಮಡಿಯಾದರೆ ಅಂಕೆ ನಾಲ್ಮಡಿಯಾಗುವುದನ್ನು ಗಮನಿಸಬೇಕು. ಅಂಕೆ ಹಾರಿದಷ್ಟು ಅಲೆ ಹಾರಿರುವುದಿಲ್ಲ.

ಹತ್ತು ಸಲ ತಟ್ಟಿ, ಹತ್ತು ಅಳತೆಗಳ ನಡುವಿನ ಅಂಕೆಯನ್ನು ವರದಿಯಲ್ಲಿ ಬರೆಯುತ್ತಾರೆ. ಹತ್ತೂ ಒಂದಕ್ಕೊಂದು ಹತ್ತಿರವಾಗಿರಬೇಕು. ಚೆದರಿಕೆ ಶೇಕಡಾ 30ನ್ನು ಮೀರಿದರೆ ಆ ವರದಿಯನ್ನು ನೆಚ್ಚುವಂತಿಲ್ಲ. ಇದನ್ನೂ ವರದಿಯಲ್ಲೇ ಮುದ್ರಿಸಿರುತ್ತಾರೆ, ಓದುವವರು ಕಡಮೆ. ಅಣ್ಣನ ವರದಿಯಲ್ಲಿ ಕೊಬ್ಬನ್ನು ಸೂಚಿಸುವ ಬೇರೊಂದು ಅಂಕೆಯೂ ಇತ್ತು. ಕೊಬ್ಬು ಧ್ವನಿಯನ್ನು ಎಷ್ಟು ಕುಗ್ಗಿಸುತ್ತದೆ ಎಂಬುದರಿಂದ ಅದನ್ನು ತೆಗೆಯುತ್ತಾರೆ.

ಈ ವಿದ್ಯೆಗೆ ದೀರ್ಘವಾದ ಚರಿತ್ರೆಯೇನೂ ಇಲ್ಲ. ಅಂಗವನ್ನು ಒತ್ತುವ ಮೊದಲು ಮತ್ತು ಒತ್ತಿದ ಮೇಲೆ ಧ್ವನಿಚಿತ್ರಗಳನ್ನು ತೆಗೆದು ಹೋಲಿಸುವ ಕ್ರಮವನ್ನು ಅಮೆರಿಕದ ಹ್ಯೂಸ್ಟನ್ನಿನ ಜೊನಾಥನ್ ಓಫಿರ್ ಮತ್ತು ಸಂಗಡಿಗರು 1991ರಲ್ಲಿ ಪ್ರಕಟಿಸಿ ಎಲಾಸ್ಟೋಗ್ರಫಿ ಎಂಬ ಹೆಸರನ್ನು ರೂಢಿಗೆ ತಂದರು. ತಟ್ಟಿ ಅಲೆಯೆಬ್ಬಿಸುವ ಈಗಿನ ಯಂತ್ರ ಪ್ಯಾರಿಸ್ಸಿನದು. 2003ರ ಹೊತ್ತಿಗೆ ಯುರೋಪಿನ ಆಸ್ಪತ್ರೆಗಳನ್ನು ಸೇರಿ, 2013ರಲ್ಲಿ ಅಮೆರಿಕದ ಸರಕಾರದ ಅನುಮತಿ ಪಡೆಯಿತು. ಮಾವಿನಹಣ್ಣನ್ನೊತ್ತುವ ಹೆಬ್ಬೆರಳಿಗೆ ಅಂಕೆ ಸೇರಿದ್ದು ಇಷ್ಟು ಈಚೆಗೆ.

ಹಾಗಾದರೆ 11.8 ಎಂದರೆ ಸಿರೋಸಿಸ್ಸೇ? ಯಕೃತ್ತಿನ ತಜ್ಞರು ಒಟ್ಟುಗೂಡಿ ಬರೆದು 2022ರಲ್ಲಿ ಪ್ರಕಟಿಸಿದ ಬವೇನೊ ಸಮ್ಮತಿಯಲ್ಲಿ ಐದೈದರ ಮೆಟ್ಟಿಲುಗಳಿವೆ. 10ಕ್ಕಿಂತ ಕೆಳಗಿದ್ದು ಬೇರೆ ಲಕ್ಷಣಗಳಿಲ್ಲದಿದ್ದರೆ ಮುಂದುವರಿದ ಕಾಯಿಲೆಯಿಲ್ಲವೆಂದು ಧೈರ್ಯವಾಗಿ ಹೇಳಬಹುದು. 15ನ್ನು ಮೀರಿದರೆ ಅದು ಇರುವ ಸಂಭವ ಬಲವಾಗಿದೆ. ನಡುವಿನದು ಸಂಶಯದ ಪ್ರದೇಶ, ಮತ್ತೆ ಪರೀಕ್ಷಿಸಬೇಕು. ಅಣ್ಣ ನಿಂತಿದ್ದುದು ಈ ನಡುವಿನಲ್ಲಿ. ವೈದ್ಯರು ರಕ್ತಪರೀಕ್ಷೆಯ ಹಾಳೆಯನ್ನು ಪಕ್ಕಕ್ಕಿಟ್ಟುಕೊಂಡು, ಯಕೃತ್ತಿನ ಕಿಣ್ವಗಳು ಏರಿರುವುದನ್ನು ಬೆರಳಿಟ್ಟು ತೋರಿಸಿ, "ಈಗ ಒಳಗೆ ಉರಿಯೂತ ಉಂಟು. ಊದಿಕೊಂಡದ್ದೂ ಗಟ್ಟಿಯಾಗಿಯೇ ಕಾಣುತ್ತದೆ. ನಾರು ಎಷ್ಟು, ಊತ ಎಷ್ಟು ಎಂದು ಈ ಒಂದು ಅಂಕೆ ಹೇಳುವುದಿಲ್ಲ. ತೂಕ ಇಳಿಸಿ, ಸಕ್ಕರೆ ಹಿಡಿತಕ್ಕೆ ತನ್ನಿ, ಆರು ತಿಂಗಳು ಬಿಟ್ಟು ಇದೇ ಯಂತ್ರದಲ್ಲಿ ನೋಡುವ" ಎಂದರು. ಇದೇ ಯಂತ್ರ ಎಂಬ ಮಾತನ್ನು ಎರಡು ಸಲ ಹೇಳಿದರು. ಒಂದು ಕಂಪನಿಯ ಯಂತ್ರದ ಅಂಕೆಯನ್ನು ಇನ್ನೊಂದರ ಅಂಕೆಯ ಜತೆಗಿಟ್ಟು ಹೋಲಿಸುವಂತಿಲ್ಲವಂತೆ.

ನಮ್ಮ ಕುತೂಹಲ ಮುಖ್ಯವಾಗಿ ನೆಟ್ಟದ್ದು ಈ ಮಾತಿನಲ್ಲಿ. ಯಕೃತ್ತನ್ನು ಪೆಡಸುಗೊಳಿಸುವುದು ನಾರೊಂದೇ ಅಲ್ಲ. ಕಾಮಾಲೆಯ ಉರಿಯೂತ, ಪಿತ್ತನಾಳದ ತಡೆ, ಹೃದಯದ ದೌರ್ಬಲ್ಯದಿಂದ ಹಿಂದೊತ್ತಿ ನಿಂತ ರಕ್ತ, ಇವೆಲ್ಲವೂ ಅಂಕೆಯನ್ನು ಮೇಲೇರಿಸುತ್ತವೆ. ನಾರು ಬಹಳ ಕಾಲದ ಗಂಟು. ಊತ ಇಂದಿನ ಬೆಂಕಿ. ಚಿಕಿತ್ಸೆಯ ದೃಷ್ಟಿಯಿಂದ ಇವೆರಡರ ನಡುವೆ ಬಹಳ ಅಂತರ. ಇವನ್ನು ಬೇರ್ಪಡಿಸಬಲ್ಲ ಇನ್ನೊಂದು ಅಳತೆ ಇದೆಯೇ?

ಇರಬಹುದು. ಅದು ಸ್ನಿಗ್ಧತೆಯ ಅಳತೆ. ರಬ್ಬರಿನ ಚೆಂಡನ್ನು ಒತ್ತಿ ಬಿಟ್ಟರೆ ತಕ್ಷಣ ಮೊದಲಿನಂತಾಗುತ್ತದೆ. ಅದರದು ಬರಿಯ ಪೆಡಸು. ಬೆಲ್ಲದ ಪಾಕದಲ್ಲಿ ಸಟ್ಟುಗವನ್ನು ಮೆಲ್ಲನೆ ತಿರುಗಿಸಿದರೆ ದಾರಿ ಬಿಡುತ್ತದೆ, ರಭಸದಿಂದ ತಿರುಗಿಸಹೋದರೆ ಹಿಡಿದು ನಿಲ್ಲಿಸುತ್ತದೆ, ಅದು ಸ್ನಿಗ್ಧತೆ. ಕಲಸಿಟ್ಟ ಹಿಟ್ಟಿನಲ್ಲಿ ಎರಡೂ ಇವೆ: ಬೆರಳೊತ್ತಿದ ಗುಳಿ ಮೇಲೇಳುತ್ತದೆ, ಆದರೆ ತನ್ನ ಹೊತ್ತು ತೆಗೆದುಕೊಂಡು. ಯಕೃತ್ತು ಈ ಹಿಟ್ಟಿನ ಜಾತಿಯದು. ಇಂಥ ಪದಾರ್ಥದಲ್ಲಿ ಅಲೆಗೆ ಒಂದೇ ವೇಗವಿಲ್ಲ. ಕಂಪನ ಶೀಘ್ರವಾದಷ್ಟು ಅಲೆಯೂ ವೇಗವಾಗುತ್ತದೆ. ಪಾಕದ ಗುಣ ಹೆಚ್ಚಿದಷ್ಟೂ ನಿಧಾನ ಕಂಪನದ ಅಲೆಗೂ ಶೀಘ್ರ ಕಂಪನದ ಅಲೆಗೂ ನಡುವಿನ ಅಂತರ ಹಿಗ್ಗುತ್ತದೆ. ಆ ಅಂತರವನ್ನು ಅಳೆದು ಪೆಡಸನ್ನೂ ಸ್ನಿಗ್ಧತೆಯನ್ನೂ ಬೇರೆ ಬೇರೆಯಾಗಿ ತೆಗೆಯುವ ಕ್ರಮವನ್ನು ಅಮೆರಿಕದ ಮೇಯೊ ಕ್ಲಿನಿಕ್ಕಿನ ಶಿಗಾವೊ ಚೆನ್, ಮುಸ್ತಫಾ ಫತೇಮಿ ಮತ್ತು ಜೇಮ್ಸ್ ಗ್ರೀನ್‌ಲೀಫ್ 2004ರಲ್ಲಿ ಪ್ರಕಟಿಸಿದರು.

ಅಣ್ಣನಿಗೆ ತಟ್ಟಿದ ಯಂತ್ರ 50ರ ಒಂದೇ ಕಂಪನದಲ್ಲಿ ಕೆಲಸ ಮಾಡುವುದರಿಂದ ಈ ಅಂತರ ಅದಕ್ಕೆ ಕಾಣದು. ಬೇರೊಂದು ಬಗೆಯ ಯಂತ್ರಗಳು ಚರ್ಮವನ್ನು ತಟ್ಟುವುದಿಲ್ಲ. ಧ್ವನಿಯನ್ನೇ ಒಂದು ಬಿಂದುವಿಗೆ ಕೇಂದ್ರೀಕರಿಸಿ ಯಕೃತ್ತನ್ನು ಒಳಗಿನಿಂದಲೇ ನೂಕುತ್ತವೆ. ಆ ಒಂದು ನೂಕಿನಲ್ಲಿ ಹಲವು ಕಂಪನಗಳ ಅಲೆಗಳು ಒಟ್ಟಿಗೆ ಹೊರಡುತ್ತವೆ. ಅವು ಎಷ್ಟು ಚೆದರಿದವೆಂದು ನೋಡಬಹುದು. ಜಪಾನಿನ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಇಲಿಗಳ ಯಕೃತ್ತಿನ ನಾರಿಗೆ ಅಲೆಯ ವೇಗ ಹೆಚ್ಚು ಹೊಂದಿಕೊಂಡರೆ, ಉರಿಯೂತಕ್ಕೆ ಈ ಚೆದರಿಕೆ ಹೆಚ್ಚು ಹೊಂದಿಕೊಂಡಿತು. ಆಶೆ ಹುಟ್ಟಿಸುವ ಮಾತೇ. ಆದರೆ ಮನುಷ್ಯರ ವಿಷಯದಲ್ಲಿ ಇಷ್ಟಾದರೆ ಊತ, ಇಷ್ಟಾದರೆ ಇಲ್ಲ ಎಂಬ ಸರ್ವಸಮ್ಮತವಾದ ಗೆರೆ ಇನ್ನೂ ನಿಂತಿಲ್ಲ. ದಪ್ಪ ಮೈಯವರಲ್ಲಿ ಅಲೆ ಆಳಕ್ಕಿಳಿಯುವಾಗ ಕುಗ್ಗುವುದರಿಂದ ಈ ಅಳತೆ ಬಹುಬೇಗ ಕೆಡುತ್ತದೆ. ಕೊಬ್ಬಿನ ಯಕೃತ್ತು ಹೆಚ್ಚಾಗಿ ಕಾಣುವುದೂ ಅಂಥವರಲ್ಲೇ. ನಾವು ಕೇಳಿದಾಗ ವೈದ್ಯರು ನಕ್ಕು, "ಅದು ಸದ್ಯಕ್ಕೆ ಸಂಶೋಧನೆ ಮಾಡುವವರಿಗೆ. ನಿಮಗೆ ತಕ್ಕಡಿ ಸಾಕು" ಎಂದರು.

ತಕ್ಕಡಿಯನ್ನೇ ನೆಚ್ಚಿದೆವು. ದೇಹದ ತೂಕ ಶೇಕಡಾ 7ರಿಂದ 10ರಷ್ಟು ಇಳಿದರೆ ಇಂಥ ಯಕೃತ್ತು ಗುಣಮುಖವಾಗುವುದೆಂಬುದು ಪರೀಕ್ಷಿಸಿದ ಸಂಗತಿ. ಅಣ್ಣ ದಿನಕ್ಕೆ ಆರು ಸಲದ ಸಿಹಿ ಚಹವನ್ನು ಎರಡು ಸಪ್ಪೆ ಚಹಕ್ಕೆ ತಂದರು. ರಾತ್ರಿಯ ಕುಚ್ಚಲಕ್ಕಿಯ ಅನ್ನ ಅರ್ಧಕ್ಕಿಳಿಯಿತು. ಹಲಸಿನ ಕಾಲದಲ್ಲಿ ಹಣ್ಣಿನ ತೊಳೆಗಳನ್ನು ಎಣಿಸಿ ತಿಂದರು, ಆ ದೃಶ್ಯ ನೋಡಲು ನಮಗೇ ಕಷ್ಟವಾಯಿತು. ನೆರೆಯವರು ನೆಲನೆಲ್ಲಿಯ ಕಷಾಯ ಹೇಳಿದರು. ಮದ್ರಾಸಿನ ವಿಜ್ಞಾನಿಗಳು ನೊಬೆಲ್ ಪಡೆದ ಬ್ಲೂಮ್‌ಬರ್ಗ್ ಅವರೊಡನೆ 1988ರಲ್ಲಿ ನೆಲನೆಲ್ಲಿಯನ್ನು ಹೆಪಟೈಟಿಸ್ ಬಿ ಸೋಂಕಿಗಾಗಿ ಪರೀಕ್ಷಿಸಿ ಒಳ್ಳೆಯ ಫಲ ಕಂಡದ್ದುಂಟು, ಆದರೆ ಮುಂದಿನ ಪರೀಕ್ಷೆಗಳಲ್ಲಿ ಅದು ಹಾಗೆಯೇ ಮರಳಲಿಲ್ಲ. ಕೊಬ್ಬಿಗಂತೂ ಅದು ಹೇಳಿದ ಮದ್ದಲ್ಲ.

ಆರು ತಿಂಗಳಿಗೆ ಅಣ್ಣನ ತೂಕ 81ರಿಂದ 74ಕ್ಕೆ ಇಳಿಯಿತು. ಕಿಣ್ವಗಳು ಬಹುಮಟ್ಟಿಗೆ ಕೆಳಗಿಳಿದವು. ಅದೇ ಯಂತ್ರದಲ್ಲಿ, ಅದೇ ನಿಷ್ಠುರ ಹುಡುಗಿಯ ಕೈಯಲ್ಲಿ, ಖಾಲಿ ಹೊಟ್ಟೆಯಲ್ಲಿ, ಅಂಕೆ 7.9 ಬಂತು. ಇಳಿದ ಸುಮಾರು 4ರಲ್ಲಿ ಊತದ ಪಾಲೆಷ್ಟು, ನಾರಿನ ಪಾಲೆಷ್ಟು? ಇಷ್ಟು ಬೇಗ ಇಳಿದದ್ದು ಹೆಚ್ಚಾಗಿ ಊತವೇ ಇರಬೇಕು, ನಾರು ಕರಗಲು ವರ್ಷಗಳು ಬೇಕು ಎಂದು ವೈದ್ಯರ ಅಭಿಪ್ರಾಯ. ಉಳಿದ 7.9 ಪೂರ್ಣ ಆರೋಗ್ಯವಲ್ಲ. ವರ್ಷಕ್ಕೊಮ್ಮೆ ಹೋಗಬೇಕಾಗಿದೆ.

ಈ ಕಾಯಿಲೆಯ ಹೆಸರನ್ನೇ 2023ರಲ್ಲಿ ಅಂತರರಾಷ್ಟ್ರೀಯ ತಜ್ಞರು ಬದಲಾಯಿಸಿದರು. ಹಳೆಯ ಹೆಸರಿನಲ್ಲಿ 'ಮದ್ಯದಿಂದಲ್ಲದ' ಎಂಬ ವಿಶೇಷಣವಿತ್ತು. ಅಲ್ಲವೆಂದು ಹೇಳುವಾಗಲೂ ಮದ್ಯದ ನೆನಪನ್ನು ತರುವ ಆ ಮಾತು ರೋಗಿಗೆ ಕಳಂಕವೆಂಬುದು ಬದಲಾವಣೆಯ ಕಾರಣಗಳಲ್ಲಿ ಒಂದು. ಈಗಿನ ಹೆಸರು ಚಯಾಪಚಯದ ದೋಷವನ್ನು ಮುಂದಿಡುತ್ತದೆ. ಅತ್ತಿಗೆಯವರಿಗೆ ಇದನ್ನು ಓದಿ ಹೇಳಿದೆವು. "ಅಷ್ಟು ದೊಡ್ಡವರಿಗೂ ನಮ್ಮದೇ ಚಿಂತೆ ಹುಟ್ಟಿತೋ!" ಎಂದರು, ಮತ್ತೇನೂ ಹೇಳಲಿಲ್ಲ.

ಪುತ್ತೂರು ಕಡೆಯ ಸಂಬಂಧವೊಂದು ಕೂಡಿಬಂದು, ವರನ ಕಡೆಯವರು ಮಾತುಕತೆಗೆ ಬಂದ ದಿನ ಅತ್ತಿಗೆ ತಾವಾಗಿಯೇ ಸೀರೆಯ ಅಡಿಯಿಂದ ಎರಡು ವರದಿಗಳನ್ನೂ ತಂದು ಮೇಜಿನ ಮೇಲಿರಿಸಿದರು. ಅಣ್ಣ ಬಾವಿಹಗ್ಗದ ಉಪಮೆಯಿಂದ ಹಿಡಿದು ಎಲ್ಲವನ್ನೂ, ನಮಗಿಂತ ಚೆನ್ನಾಗಿ, ವಿವರಿಸಿದರು. ವರನ ತಂದೆ ಬಲು ಸ್ಥೂಲಕಾಯರು. ಗಂಭೀರವಾಗಿ ಕೇಳುತ್ತ ಕೇಳುತ್ತ ತಮ್ಮ ಬಲಪಕ್ಕೆಯ ಮೇಲೆ ಕೈಯಿಟ್ಟುಕೊಂಡರು. ಹೋಳಿಗೆಯ ತಟ್ಟೆಯನ್ನು ತುಸು ಹಿಂದಕ್ಕೆ ಸರಿಸಿ, "ಭಾವ, ಆ ತಟ್ಟುವ ಯಂತ್ರ ಎಷ್ಟನೆಯ ಮಾಳಿಗೆಯಲ್ಲುಂಟು? ಬೆಳಗ್ಗೆ ಎಷ್ಟು ಗಂಟೆಗೆ ಹೋಗಬೇಕು?" ಎಂದು ಕೇಳಿದರು.